ಡ್ರೈವರ್ ಸಾಹೇಬರ ಗೇಣುದ್ದದ ಬಸ್ಸು

ಡ್ರೈವರ್ ಸಾಹೇಬರಿಗೆ ಮಣ್ಣು ಕೊಟ್ಟು ಬಂದು ಇವತ್ತಿಗೆ ಒಂದು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಸ್ವಂತ ಹೆಂಡತಿಯೂ 'ಡ್ರೈವರ್ ಸಾಹೇಬ್ರು ಮನ್ಯಾಗಿಲ್ರಿ' ಎಂದೇ ಹೇಳುತ್ತಿದ್ದರು. ಇನ್ನೊಂದು ಕಾರಣವೂ ಇದೆ. ಮೂವತ್ತಮೂರು ಮಂದಿಯ ಪಾಲನ್ನು ತಮ್ಮೊಬ್ಬರ ಹೆಸರಿಗೆ ಹಾಕಿಕೊಂಡದ್ದರಿಂದಲೇ ಅವರ ಕಡೆಗಾಲ ಕಹಿಯಾಯಿತು. ಹಾಗೆ ಹಾಕಿ ಕೊಟ್ಟವನು ನಾನು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನ್ನಂಥ ಶಾಣ್ಯಾ ಒಬ್ಬ ಬಾಜು ಇರದಿದ್ದರೆ ಆ ಮನುಷ್ಯ ಇನ್ನಷ್ಟು ನೆಮ್ಮದಿಯಿಂದ ಹೋಗುತ್ತಿದ್ದರು ಎಂದು ಈಗೀಗ ಅನಿಸುತ್ತದೆ.

ಅವರು ನಮ್ಮ ಶಲವಡಿಯ ವಸ್ತಿ ಬಸ್ಸಿನ ಡ್ರೈವರು. ಸಂಜೆ ನವಲಗುಂದದಿಂದ ಬಂದು ಊರಲ್ಲೇ ತಂಗಿ, ಬೆಳಿಗ್ಗೆ ಆರಕ್ಕೆ ಹೊರಡುವ ಕೆಂಪು ಬಸ್ಸು. ಬೇರೆ ಊರಿನ ಡ್ರೈವರುಗಳು ವಸ್ತಿ ಡ್ಯೂಟಿ ಎಂದರೆ ಮೂಗು ಮುರಿಯುತ್ತಿದ್ದರು. ಇವರಿಗೆ ಸ್ವಂತ ಊರೇ ಆದ್ದರಿಂದ ಬಸ್ಸನ್ನು ಊರ ಅಗಸಿ ಬಾಗಿಲ ಹತ್ತಿರ ನಿಲ್ಲಿಸಿ ಮನೆಗೆ ಹೋಗಿ ಬಿಸಿ ರೊಟ್ಟಿ ತಿನ್ನುತ್ತಿದ್ದರು. ಬಸ್ಸಿನ ನಂಬರಿನ ಕಡೆಯ ಎರಡು ಅಂಕಿ ಎಪ್ಪತ್ತೆರಡು. ಅವರ ಬಾಯಲ್ಲಿ ಅದು ಎಂದೂ ಬಸ್ಸಲ್ಲ, 'ಎಪ್ಪತ್ತೆರಡು'. 'ಇವತ್ತ ಎಪ್ಪತ್ತೆರಡಕ್ಕ ಮೈಯಾಗ ಆರಾಮಿಲ್ರಿ' ಎಂದರೆ ನಮ್ಮ ಕಡೆಯ ಎರಿ ಮಣ್ಣು ಗಾಲಿಗೆ ಮೆತ್ತಿ, ಪ್ರಯಾಣಿಕರೆಲ್ಲ ಇಳಿದು ನೂಕಬೇಕಾಗುತ್ತದೆ ಎಂದು ನಾವೇ ತಿಳಿದುಕೊಳ್ಳಬೇಕು.

ನಿವೃತ್ತರಾದ ಮೇಲೂ ಅವರೊಳಗಿನ ಡ್ರೈವರು ಇಳಿದು ಹೋಗಲಿಲ್ಲ. ರಸ್ತೆಯ ಎಡಬದಿಗೇ ನಡೆಯುವುದು. ಓಣಿ ತಿರುಗುವ ಮೊದಲು ಬಲಗೈ ಚಾಚಿ ತೋರಿಸಿ, ಹಿಂದೆ ಒಮ್ಮೆ ನೋಡಿ, ಆಮೇಲೆ ತಿರುಗುವುದು. ನಳದ ಹತ್ತಿರ ನಿಂತ ಹೆಂಗಸರು ಬಿಡುತ್ತಾರೆಯೇ?

'ಸಾಹೇಬ್ರ, ಹಾರ್ನ್ ಹೊಡೀರಿ, ಕೊಡಾ ತಗೊಂಡ ಬಾಜು ಸರೀತೇವಿ!'

'ಬ್ಯಾಟರಿ ಇಳದೈತವಾ' ಎಂದು ಮುಖದಲ್ಲಿ ನಗೆಯಿಲ್ಲದೆ ಹೇಳಿ ಮುಂದೆ ಹೋಗುತ್ತಿದ್ದರು.

ನನ್ನ ಸ್ಕೂಟರಿನ ಹಿಂದೆ ಕೂತರಂತೂ ನನ್ನ ಹಿಮ್ಮಡಿಗೆ ಒದೆ ತಪ್ಪುತ್ತಿರಲಿಲ್ಲ. ಎದುರಿಗೆ ಎಮ್ಮೆ ಬಂದರೆ ಸಾಕು, ಅವರ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. 'ನೀವು ಕೂಡಬ್ಯಾಡ್ರಿ, ನಡಕೊಂಡ ಬರ್ರಿ' ಎಂದು ನಾನು ರೇಗಿದರೆ, 'ನೀವು ಹಾಕಬೇಕಾದ ಬ್ರೇಕ್ ನಾ ಹಾಕಾಕತ್ತೇನ್ರಿ ಮಾಸ್ತರ, ನನಗ ಶಾಬಾಸ್ ಅನ್ನೂದ ಬಿಟ್ಟು' ಎನ್ನುತ್ತಿದ್ದರು.

ಒಂದೇ ಒಂದು ವಿಷಯ ಮಾತ್ರ ಅವರೆದುರು ಎತ್ತುವಂತಿರಲಿಲ್ಲ. ಎಪ್ಪತ್ತೆರಡಕ್ಕೆ ವಯಸ್ಸಾಗಿ ಗುಜರಿಗೆ ಹಾಕುವಾಗ ಅದನ್ನು ಹುಬ್ಬಳ್ಳಿಯ ಯಾರ್ಡಿಗೆ ಬಿಟ್ಟು ಬರಲು ಇವರನ್ನೇ ಕಳಿಸಿದ್ದರು. ಒಮ್ಮೆ ಮಾತ್ರ ನನಗೆ ಹೇಳಿದ್ದರು. ಚಾವಿ ಕೊಟ್ಟು ಸಹಿ ಮಾಡಿ ಹೊರಗೆ ಬಂದರಂತೆ. ಟಿಫಿನ್ ಡಬ್ಬಿ ಸೀಟಿನ ಕೆಳಗೆ ಉಳಿದದ್ದು ನೆನಪಾಗಿ ಹೊಳ್ಳಿ ಹೋದರೆ ಆಗಲೇ ಒಬ್ಬ ಮುಂದಿನ ಗಾಜು ಬಿಚ್ಚುತ್ತಿದ್ದನಂತೆ. 'ಡಬ್ಬಿ ತಗೊಳ್ಳಲಿಲ್ರಿ. ಹಂಗ ಬಂದೆ.' ಮನೆಯಲ್ಲಿ ಆ ಬಸ್ಸಿನದೊಂದು ಫೋಟೋ ಕೂಡ ಇರಲಿಲ್ಲ. ಆ ಕಾಲಕ್ಕೆ ಯಾರು ಬಸ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು?

ಇಂಥವರನ್ನು ಹುಡುಕಿಕೊಂಡು ಗದಗಿನಿಂದ ಒಬ್ಬರು ಹಲ್ಲಿನ ಡಾಕ್ಟರ್ ಬಂದರು. ನಲವತ್ತು ದಾಟಿದ ಹೆಣ್ಣುಮಗಳು, ಸ್ವಂತ ಆಸ್ಪತ್ರೆ ಉಳ್ಳವಳು, ಆದರೆ ಚೀಲದ ತುಂಬ ಆಟಿಕೆ ಬಸ್ಸು, ಲಾರಿ! ನನಗೆ ಮೊದಲು ನಗು ಬಂತು. ಆಮೇಲೆ ತಿಳಿಯಿತು, ಆಕೆಯಂಥವರು ದೇಶದ ತುಂಬ ಇದ್ದಾರೆ. ಪುಣೆ ಕಡೆಯ ಒಂದು ಆಟಿಕೆ ಕಂಪನಿ ತಯಾರಿಸುವ ಸಣ್ಣ ಸಣ್ಣ ವಾಹನಗಳೆಂದರೆ ಜೀವ ಬಿಡುತ್ತಾರೆ. ಅವರದೇ ಒಂದು ವಾಟ್ಸಾಪ್ ಗುಂಪೂ ಇದೆ. ನಮ್ಮ ಕಡೆಯ ಹಳೆಯ ಕೆಂಪು ಬಸ್ಸಿನ ಆಟಿಕೆ ಮಾಡಿರೆಂದು ಇವರೆಲ್ಲ ಕಂಪನಿಯ ಬೆನ್ನು ಹತ್ತಿದ್ದರು. ಅದಕ್ಕೆ ಅಳತೆ ಬೇಕು, ಆ ಬಸ್ಸು ಓಡಿಸಿದವರು ಬೇಕು.

ಸಾಹೇಬರು ಆ ದಿನ ಮಾತಾಡಿದಷ್ಟು ನಾನು ಎಂದೂ ಕೇಳಿರಲಿಲ್ಲ. ಟಾಪಿಗೆ ಹತ್ತುವ ಏಣಿ ಹಿಂದೆ ಯಾವ ಕಡೆ ಇತ್ತು, ಗಂಟೆಯ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಡ್ರೈವರ್ ಬಾಗಿಲಿನ ಹಿಡಿಕೆ ಯಾವ ಎತ್ತರಕ್ಕೆ. ಕಣ್ಣು ಮುಚ್ಚಿ ಕೂತು ಗಾಳಿಯಲ್ಲಿ ಗೇರ್ ಹಾಕುತ್ತ ಹೇಳಿದರು. ಡಾಕ್ಟರು ಬರೆದುಕೊಳ್ಳುತ್ತಲೇ ಇದ್ದರು. ಆಮೇಲೆ ಗುಂಪಿನಲ್ಲಿ ದಿನಾ ಇವರಿಗೇ ಪ್ರಶ್ನೆ: 'ಅಂಕಲ್, ಬಂಪರ್ ಬಣ್ಣ?' 'ಅಂಕಲ್, ಕಿಟಕಿಗೆ ಸರಳು ಎಷ್ಟು?' ಮೂವತ್ತೊಂದು ವರ್ಷ ಬಸ್ಸು ಓಡಿಸಿದರೂ 'ಯಾಕ್ರಿ ಲೇಟು?' ಎನ್ನುವುದೊಂದನ್ನು ಬಿಟ್ಟು ಯಾರೂ ಇವರನ್ನು ಏನೂ ಕೇಳಿರಲಿಲ್ಲ. ಈಗ ಉತ್ತರ ಹೇಳಲು ಬೆಳಿಗ್ಗೆಯೇ ಸ್ನಾನ ಮಾಡಿ, ಕನ್ನಡಕ ಒರೆಸಿ ಕೂಡುತ್ತಿದ್ದರು.

ಕಂಪನಿಯವರು ಮಾದರಿಯ ಚಿತ್ರ ಕಳಿಸಿದರು. ಗೇಣುದ್ದದ ಬಸ್ಸು. ಹಣೆಯ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ 'ನವಲಗುಂದ – ಶಲವಡಿ'. ಸಾಹೇಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮನೆಗೆ ಬಂದರು.

'ನೋಡ್ರಿ ಮಾಸ್ತರ, ಎಪ್ಪತ್ತೆರಡು ಹೊಳ್ಳಿ ಬರಾಕತ್ತೈತಿ. ಈ ಸಲ ಗುಜರಿಗೆ ಯಾರ ಒಯ್ತಾರ ನೋಡೂಣು.'

ಅವರ ಕಣ್ಣು ತುಂಬಿತ್ತು. 

ಆದರೆ ಒಂದು ಷರತ್ತು ಇತ್ತು. ಆಟಿಕೆ ಮಾಡುವ ಮೊದಲೇ ಬೇಕಾದವರು ಮುಂಗಡ ಕೊಟ್ಟು ಹೆಸರು ಹಚ್ಚಬೇಕು. ಇಂತಿಷ್ಟು ದಿನದೊಳಗೆ ಸಾವಿರ ಮುಂಗಡ ಕೂಡಿದರೆ ಬಸ್ಸು. ಒಂದು ಕಡಿಮೆಯಾದರೂ ಎಲ್ಲ ವಾಪಸ್ಸು, ಬಸ್ಸು ಇಲ್ಲ. ಇದಕ್ಕೆ ಕ್ರೌಡ್ ಫಂಡಿಂಗ್ ಎನ್ನುತ್ತಾರೆ ಎಂದು ನಾನು ದೊಡ್ಡ ಪಂಡಿತನಂತೆ ವಿವರಿಸಿದೆ.

'ಅಂದ್ರ ಪಟ್ಟಿ ಎತ್ತೂದು' ಎಂದರು ಸಾಹೇಬರು. 'ಅದಕ್ಯಾಕ ಇಷ್ಟ ದೊಡ್ಡ ಹೆಸರು?'

ಪಟ್ಟಿ ಎತ್ತುವುದು ನಮಗೆ ಗೊತ್ತಿಲ್ಲದ್ದೇ? ಮೊಹರಮ್ಮಿಗಿರಲಿ, ಮಠದ ಪ್ರಸಾದಕ್ಕಿರಲಿ, ಊರಲ್ಲಿ ಒಬ್ಬ ಹಿರಿಯ ಮನೆ ಮನೆಗೆ ಹೋಗುತ್ತಾನೆ, ಕೊಡುವವರು ಕೊಡುತ್ತಾರೆ, ಯಾತಕ್ಕೆ ಎಂದು ಕೆದಕಿ ಕೇಳುವುದು ಮರ್ಯಾದೆಯಲ್ಲ. ಕೂಡಿದ್ದನ್ನೆಲ್ಲ ಆ ಹಿರಿಯನ ಹೆಸರಲ್ಲಿ ಒಟ್ಟಿಗೆ ಒಪ್ಪಿಸುವುದು ವಾಡಿಕೆ. ಬಿಡಿ ಬಿಡಿಯಾಗಿ ತಂತಮ್ಮ ಹೆಸರು ಹೇಳಿಕೊಂಡು ಕೊಡುವವನನ್ನು ನಮ್ಮೂರಲ್ಲಿ ಸೊಕ್ಕಿನವ ಎನ್ನುತ್ತಾರೆ. ಸಾಹೇಬರು ಎರಡು ವಾರ ಓಣಿ ಓಣಿ ತಿರುಗಿದರು. ಮೂವತ್ತಮೂರು ಮಂದಿ ಕೊಟ್ಟರು.

ಕಂಪನಿಯ ಫಾರ್ಮು ಇಂಗ್ಲಿಷಿನಲ್ಲಿತ್ತು. ನನ್ನ ಕಂಪ್ಯೂಟರಿನ ಮುಂದೆ ಕೂತೆವು. 'ಎಲ್ಲಾ ನಿಮ್ಮ ಹೆಸರಿಗೇ ಹಾಕತೀನ್ರಿ, ಅದ ಚಂದ' ಎಂದೆ. ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಪುಟ ನಿಯಮಗಳಿದ್ದವು.

'ಪೂರ್ತಿ ಓದಿದ್ರಿ?' ಎಂದು ಕೇಳಿದರು.

'ಓದೀನ್ರಿ' ಎಂದೆ.

ಓದಿರಲಿಲ್ಲ. ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಮೊದಲು ಓದಿರೋ ಎಂದು ಜೀವಮಾನವೆಲ್ಲ ಹೊಯ್ಕೊಂಡವನು ನಾನು. ಮೂರನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಎಣಿಸುವುದು ಮಂದಿಯನ್ನು, ಬಸ್ಸುಗಳನ್ನಲ್ಲ. ಒಬ್ಬರು ಎಷ್ಟೇ ತೆಗೆದುಕೊಂಡರೂ ಒಂದೇ ಲೆಕ್ಕ.

ಗಡುವು ಮುಗಿದ ದಿನ ಕಂಪನಿ ಫಲಿತಾಂಶ ಹಾಕಿತು. ಹತ್ತೊಂಬತ್ತು ಮಂದಿ ಕಡಿಮೆ. ಬಸ್ಸು ಇಲ್ಲ.

ಗುಂಪಿನಲ್ಲಿ ಹಾಹಾಕಾರ. ಡಾಕ್ಟರು ಅಂದೇ ಫಲಿತಾಂಶ ಬದಲಿಸಿರೆಂದು ಕಂಪನಿಗೆ ಒಂದು ಅರ್ಜಿ ಬರೆದು ಅಂತರ್ಜಾಲದಲ್ಲಿ ಹಾಕಿದರು. ಅಭಿಮಾನಿಗಳೆಲ್ಲ ಸಾಲುಗಟ್ಟಿ ಸಹಿ ಹಾಕತೊಡಗಿದರು. ನಾನು ಆಗ ನಿಯಮ ಓದಿದೆ. ಓದಿ ಬೆವತೆ. ಸಾಹೇಬರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಫೋನ್ ತೆಗೆದು ಗುಂಪಿಗೆ ಧ್ವನಿ ಸಂದೇಶ ಕಳಿಸಿದರು: 'ನಮ್ಮೂರ ಮೂವತ್ತಮೂರು ಮಂದೀನ ನಾ ನನ್ನ ಒಂದ ಹೆಸರಿನ್ಯಾಗ ಹಾಕೀನ್ರಿ. ತಪ್ಪ ನಂದೈತಿ. ಎಲ್ಲಾರೂ ಮಾಫ್ ಮಾಡ್ರಿ.' ನನ್ನ ಹೆಸರಿನ ಸುದ್ದಿಯೇ ಇಲ್ಲ. ನಾನು ಎದುರಿಗೇ ಕೂತಿದ್ದೆ. 'ಅಲ್ಲ, ತಪ್ಪು ನನ್ನದು' ಎಂದು ಒಂದು ಮಾತು ಆ ಫೋನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಒಬ್ಬಿಬ್ಬರು ಅವರನ್ನು ಬಾಯಿಗೆ ಬಂದಂತೆ ಅಂದರು. ಆದರೆ ಡಾಕ್ಟರಿಗೆ ಅದೇ ಬೆಳಕಿನ ಹಾಗೆ ಕಂಡಿತು. ಬೇಕಾದದ್ದು ಹತ್ತೊಂಬತ್ತು, ಒಂದೇ ಊರಲ್ಲಿ ಮೂವತ್ತಮೂರು ಮಂದಿ ಇದ್ದಾರೆ! ಅರ್ಜಿಯನ್ನು ತಿದ್ದಿ ಅದನ್ನೇ ಮುಖ್ಯ ಬೇಡಿಕೆ ಮಾಡಿದರು: ಶಲವಡಿಯವರನ್ನು ತಲೆ ಲೆಕ್ಕದಲ್ಲಿ ಎಣಿಸಿರಿ. ಸಹಿಗಳು ಏರಿದವು. ಕಡೆಗೆ ಕಂಪನಿ ಸ್ವಲ್ಪ ಬಾಗಿತು. ತಮ್ಮ ಕಡೆಯ ಒಬ್ಬರು ಫೋನ್ ಮಾಡಿ ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ಹತ್ತೊಂಬತ್ತು ಮಂದಿ ತಾವಾಗಿ ಬೇಕು ಎಂದರೆ ಫಲಿತಾಂಶ ತಿರುಗಿಸುತ್ತೇವೆ ಎಂದರು. ಫೋನ್ ಮಾಡುವವರಿಗೆ ಕನ್ನಡ ಬಾರದು. ಸಾಹೇಬರಿಗೆ ಹಿಂದಿ ನೀರು ಕುಡಿದಂತೆ. ಆದರೆ ಇದು ಸಾಹೇಬರದೇ ಕೆಲಸವಾದ್ದರಿಂದ ನಡುವೆ ಬೇರೆಯವರು ನಿಂತು ಮಾತು ತಿರುಗಿಸಿ ಹೇಳಬೇಕು ಎಂದು ಕಂಪನಿಯವರು ಹೇಳಿದರು. ಬೇರೆಯವರೆಂದರೆ ನಾನು.

ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಮಂದಿ ಕೂಡಿತು. ಪಂಚಾಯಿತಿಯ ನೀರಗಂಟಿ, ಟೇಲರ್, ಹಳೆಯ ಕಂಡಕ್ಟರು, ಚಹಾದಂಗಡಿಯವರು, ಹೊಲ ಬಿಟ್ಟು ಬಂದ ರೈತರು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಬಾಜು ನಿಂತಿದ್ದರು, ಕೂಡ್ರಿ ಎಂದರೂ ಕೂಡಲಿಲ್ಲ. ಫೋನಿನ ಧ್ವನಿ ದೊಡ್ಡದು ಮಾಡಿ ನಡುವೆ ಇಟ್ಟೆ. ಆ ಕಡೆಯ ಹೆಣ್ಣುಮಗಳು ಅಗದಿ ಮರ್ಯಾದಸ್ತೆ. ಅವಳು ಹಿಂದಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ, 'ಆಟದ ಸಾಮಾನ ಬೇಕಂತ ನೀವಾಗೇ ರೊಕ್ಕ ಕೊಟ್ಟಿರೇನ್ರಿ? ಆಟದ ಸಾಮಾನ ಬೇಕೇನ್ರಿ?' ಎನ್ನುವುದು. 'ಹೌದ್ರಿ, ಬೇಕ್ರಿ.' ಕಂಡಕ್ಟರ್ ಮಾವ ಒಂದು ಹೆಜ್ಜೆ ಮುಂದೆ ಹೋಗಿ, 'ಬೇಕ ಬೇಕು, ಅದರಾಗ ನನ್ನ ಸೀಟೂ ಇರಬೇಕು!' ಎಂದು ಎಲ್ಲರನ್ನೂ ನಗಿಸಿದ. ಹದಿನಾರು ಮಂದಿ ಹೌದೆಂದರು. ಒಂದೂ ಸುಳ್ಳಿರಲಿಲ್ಲ.

ಹದಿನೇಳನೆಯವಳು ಗಂಗವ್ವ. ಎಪ್ಪತ್ತು ದಾಟಿದ ಮುದುಕಿ, ಹಿಂದೆ ನವಲಗುಂದಕ್ಕೆ ಹೋಗಿ ಮೊಸರು ಮಾರುತ್ತಿದ್ದವಳು. ನಾನು ಅದೇ ಪ್ರಶ್ನೆ ಕೇಳಿದೆ.

'ಯಪ್ಪಾ, ಹಲ್ಲ ಬಿದ್ದಾಕಿ ನಾ, ನನಗ್ಯಾಕ ಆಟದ ಸಾಮಾನ?' ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. 'ಸಾಹೇಬ್ರು ಪಟ್ಟಿ ಕೇಳಿದ್ರು, ಕೊಟ್ಟೆ.'

 ಗುರಿ ಮೂರು ಹೆಜ್ಜೆ ದೂರದಲ್ಲಿ ಕಾಣುತ್ತಿತ್ತು; ನಾನು ಕೆಡಿಸಿದ್ದನ್ನು ನಾನೇ ನೆಟ್ಟಗೆ ಮಾಡಿಬಿಡುವ ಆತುರ. ಫೋನಿನ ಕಡೆ ಬಾಗಿ, ಹಿಂದಿಯಲ್ಲಿ, 'ಹೌದಂತೆ, ಅವರಿಗೂ ಬಹಳ ಆಸೆ ಇದೆಯಂತೆ' ಎಂದೆ.

ಬಾಗಿಲ ಬಳಿಯಿಂದ ಸಾಹೇಬರ ದನಿ ಬಂತು. ಅವರೂ ಹಿಂದಿಯಲ್ಲೇ ಹೇಳಿದರು, ಮೆಲ್ಲಗೆ, ಒಂದೊಂದೇ ಮಾತು: 'ಮೇಡಂ, ಆ ಅವ್ವ ಹಾಗೆ ಹೇಳಲಿಲ್ಲ. ತನಗೆ ಬೇಡ, ನಾನು ಕೇಳಿದೆನೆಂದು ಕೊಟ್ಟೆ ಎಂದಳು.'

 ಆ ಕಡೆಯ ಹೆಣ್ಣುಮಗಳು ನನ್ನನ್ನು ಕೇಳಿದಳು, 'ಹಾಗಾದರೆ ಈವರೆಗಿನ ಹದಿನಾರನ್ನು ನಾನು ಹೇಗೆ ನಂಬಲಿ ಸರ್?' ನಾನು ತೊದಲಿದೆ. ಅವಳು ಯಾರನ್ನೂ ಅನ್ನಲಿಲ್ಲ, ವರದಿ ಕೊಡುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಳು. ವಾರದೊಳಗೆ ಕಂಪನಿಯ ಉತ್ತರ ಬಂತು. ಫಲಿತಾಂಶ ಬದಲಾಗುವುದಿಲ್ಲ.

ಅವತ್ತು ಮಂದಿ ಚದುರಿದ ಮೇಲೆ ನಾನು ಸಾಹೇಬರ ಮೇಲೆಯೇ ಹರಿಹಾಯ್ದೆ. ತಪ್ಪು ಮಾಡಿದವನಿಗೇ ಸಿಟ್ಟು ಜಾಸ್ತಿ.

'ಒಂದ ನಿಮಿಷ ಬಾಯಿ ಮುಚ್ಚಿಕೊಂಡ ನಿಂತಿದ್ರ ನಿಮ್ಮ ಗಂಟೇನ ಹೋಗತಿತ್ರಿ?'

'ಆಕಿ ಬ್ಯಾಡ ಅಂದ್ರ ಬ್ಯಾಡ ಅಂತ ಹೇಳಬೇಕಿತ್ರಿ ಮಾಸ್ತರ. ಹಿಂದ ಇನ್ನೂ ಹದಿನಾರು ಮಂದಿ ನಿಂತಿದ್ರು. ಬೇಕಾದವರು ಮೂರ ಮಂದಿ.'

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಿಜವನ್ನೇ ಹೇಳಿದ್ದರೂ ಗೆಲ್ಲುತ್ತಿದ್ದೆವು. 

'ಹೋಗ್ಲಿ ಬಿಡ್ರಿ' ಎಂದರು ಅವರೇ. 'ನನಗ ಅದರದ ಬ್ಯಾಸರಿಲ್ಲ. ಊರಿಗೆ ಎಪ್ಪತ್ತೆರಡು ಬೇಕಾಗೇತಿ ಅಂತ ತಿಳದಿದ್ದೆ. ಮಂದಿ ನನ್ನ ಮುಖಾ ನೋಡಿ ಕೊಟ್ಟಾರ. ಗಂಗವ್ವಗ ಬ್ಯಾಡಾದ್ರ ಮತ್ಯಾರಿಗೆ ಬೇಕ್ರಿ ಅದು?'

ಗಂಗವ್ವನ ಹೆಸರನ್ನೇ ಏಕೆ ಎತ್ತಿದರು ಎಂದು ನಾನು ಆಗ ಕೇಳಲಿಲ್ಲ.

ಕಂಪನಿ ಹಿಂದಿರುಗಿಸಿದ ಮುಂಗಡವನ್ನು ಅವರು ಮನೆ ಮನೆಗೆ ಹೋಗಿ ಕೊಟ್ಟು ಬಂದರು. ಗಂಗವ್ವನಿಗೂ ಕೊಟ್ಟರು. ಏನಾಯಿತೆಂದು ಆಕೆ ಕೇಳಲಿಲ್ಲವಂತೆ, ಇವರು ಹೇಳಲಿಲ್ಲವಂತೆ. ಗುಂಪಿನಿಂದ ಹೊರಬಂದರು. ಡಾಕ್ಟರು ಎರಡು ಸಲ ಗದಗಿನಿಂದ ಬಂದು ಕರೆದರೂ, 'ನನಗ ಈಗ ಅಷ್ಟ ನೆನಪಿರೂದಿಲ್ಲವಾ' ಎಂದು ಕೈ ಮುಗಿದರು. ನನ್ನ ಕಟ್ಟೆಗೆ ಬರುವುದನ್ನು ಬಿಡಲಿಲ್ಲ, ಅದು ಅವರ ದೊಡ್ಡತನ. ಆದರೆ ಬಸ್ಸಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮಳೆ, ಕಡಲೆ ಬೆಳೆ, ಮೊಣಕಾಲು ನೋವು, ಇಷ್ಟೇ. ನಾನು ಒಮ್ಮೆ 'ಮಾಫ್ ಮಾಡ್ರಿ' ಎಂದೆ. 'ಯಾತಕ್ರಿ?' ಎಂದು ನಿಜವಾಗಿ ಮರೆತವರಂತೆ ಕೇಳಿದರು. ಆಗ ನನಗೆ ಅವರ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಹೀಗೆ ಒಂದೂವರೆ ವರ್ಷ. ಹೋದ ತಿಂಗಳು, ಚಹಾ ಕುಡಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋದರು.

ಮೂರನೆಯ ದಿನ ಮಧ್ಯಾಹ್ನ ಗಂಗವ್ವ ನಮ್ಮ ಮನೆಗೆ ಬಂದಳು. ಹೊಸ್ತಿಲಲ್ಲೇ ಕೂತಳು.

'ಮಾಸ್ತರ್ರ, ಅವತ್ತ ಫೋನಿನ್ಯಾಗ ನಾ ಏನರ ತಪ್ಪ ಮಾತಾಡಿದ್ನೇನ್ರಿ? ಮಂದಿ ನನ್ನ ನೋಡಿ ಮಾತ ನುಂಗತಾರ.'

'ಇಲ್ಲಬೇ ಯವ್ವಾ. ನೀ ಖರೇನ ಹೇಳಿದಿ.'

'ನೀವು ಏನ ಕೇಳಿದ್ರಿ ನನಗ?'

'ಆಟದ ಸಾಮಾನ ಬೇಕೇನು ಅಂತ.'

'ಅದ ಮತ್ತ. ಸಾಲಿ ಮಕ್ಕಳಿಗೆ ಏನೋ ತರಸಾಕತ್ತಾರ ಅಂತ ತಿಳದಿದ್ದೆ ನಾ. ಸಾಹೇಬ್ರು ಪಟ್ಟಿ ಅಂದ್ರು, ಕೊಟ್ಟೆ, ಯಾತಕ್ಕ ಅಂತ ನಾ ಎಂದ ಕೇಳೀನಿ? ಮೊನ್ನೆ ಅವರ ಮನ್ಯಾಗ ಅಂದ್ರು, ಅದು ನಮ್ಮ ವಸ್ತಿ ಬಸ್ ಇತ್ತಂತ.' ಆಕೆಯ ದನಿ ಏರಿತು. 'ಸಾಹೇಬ್ರ ಬಸ್ ಬೇಕೇನು ಅಂತ ಕೇಳಿದ್ರ ನಾ ಬ್ಯಾಡ ಅಂತಿದ್ನೇನ್ರಿ ಮಾಸ್ತರ? ನನ್ನ ಹೊಲದ ಹಾದಿ ಮ್ಯಾಲ ಸ್ಟಾಪ್ ಇರಲಿಲ್ಲ. ಮೊಸರಿನ ಗಡಿಗಿ ಹೊತಗೊಂಡ ನಾ ಬರೂತನಾ ದಿನಾ ಎರಡ ನಿಮಿಷ ಬಸ್ ನಿಂದರಸತಿದ್ರು. ಹತ್ತೊಂಬತ್ತ ವರ್ಷ. ಒಂದ ದಿನ ಬಿಟ್ಟ ಹೋಗಲಿಲ್ಲ.'

 ಊರಲ್ಲಿ ಯಾರಿಗೂ ಆ ಬಸ್ಸು ಬೇಡವೆಂದು ತಿಳಿದು ಸಾಹೇಬರು ಹೋಗಿದ್ದರು. ಮೂರು ಓಣಿಯಾಚೆ ಈ ಮುದುಕಿ ಇದ್ದಳು. ಒಂದೂವರೆ ವರ್ಷದಲ್ಲಿ ನಾನು ಒಂದು ಸಲ ಆಕೆಯ ಮನೆಗೆ ಹೋಗಿ, ಅದು ಯಾವ ಬಸ್ಸೆಂದು ಹೇಳಿ, ಪ್ರಶ್ನೆಯನ್ನು ಸರಿಯಾಗಿ ಕೇಳಬಹುದಿತ್ತು.

'ಈಗ ಹೇಳ್ತೀನಿ, ಫೋನ್ ಹಚ್ಚಿ ಕೊಡ್ರಿ' ಎಂದಳು.

ಫೋನು ಹಚ್ಚಲು ಆ ಕಡೆ ಯಾರೂ ಇರಲಿಲ್ಲ. ಅಭಿಮಾನಿಗಳ ಅರ್ಜಿ ಮಾತ್ರ ಜಾಲದಲ್ಲಿ ಇನ್ನೂ ತೆರೆದೇ ಇತ್ತು. ಮುಚ್ಚುವ ಗೋಜಿಗೆ ಯಾರೂ ಹೋಗಿರಲಿಲ್ಲ. ಕಂಪನಿ ಅದನ್ನು ಓದುವುದಿಲ್ಲ ಎಂದು ಆಕೆಗೆ ಹೇಳಿದೆ. 'ಇರ್ಲಿ, ಹಾಕ್ರಿ' ಎಂದಳು. ಆಕೆಯ ಹೆಸರು, ಊರು ಹಾಕಿದೆ. ಯಾಕೆ ಬೇಕು ಎಂದು ಬರೆಯುವ ಜಾಗ ಬಂತು.

'ಏನ ಬರೀಲವ್ವ?'

'ನನ್ನ ಸಲುವಾಗಿ ಎರಡ ನಿಮಿಷ ನಿಂದರತಿತ್ತು ಅಂತ ಬರೀರಿ.'

ಹಾಗೆಯೇ ಬರೆದೆ. ಬರೆದದ್ದನ್ನು ಆಕೆಗೆ ಎರಡು ಸಲ ಓದಿ ಹೇಳಿದೆ. ಹೌದು, ಇಷ್ಟೇ, ಎಂದು ತಲೆಯಾಡಿಸಿದಳು. ಆಮೇಲೆ ಕಳಿಸಿದೆ.